ಗಜೇಂದ್ರಗಡದ ಮಾವ ಮತ್ತು ನಮ್ಮ ಕರಿಗಡಬು

ಅಜ್ಜಿಯರ ಕಥೆಗಳಲ್ಲಿ ಒಬ್ಬ ಜಿಪುಣ ಬಂದನೆಂದರೆ ಅವನ ಬೆನ್ನಿಗೇ ನಗುನಗುತ್ತಾ ಒಬ್ಬ ಧಾರಾಳಿಯೂ ಬರುತ್ತಾನೆ. ಜಿಪುಣನನ್ನು ಕಂಡು ನಾವು ಹಲ್ಲು ಕಡಿಯಬೇಕು, ಧಾರಾಳಿಯನ್ನು ಕಂಡು ಕಣ್ಣೊರೆಸಿಕೊಳ್ಳಬೇಕು. ಈ ಕಥೆ ಕಟ್ಟಿದವರು ಯಾರೂ ಧಾರಾಳಿಯ ಜೊತೆ ಒಂದೇ ಬುಟ್ಟಿಯಲ್ಲಿ ಉಂಡವರಲ್ಲ ಎಂದು ನಮ್ಮೂರು ಯಾವಗಲ್ಲಿನ ಅಗಸಿಬಾಗಿಲಲ್ಲಿ ನಿಂತು ಆಣೆ ಮಾಡಬಲ್ಲೆ. ನಮ್ಮ ಮನೆಯಲ್ಲಿ ಎರಡೂ ಮಾದರಿ ಇವೆ.

ಜಿಪುಣ ಎಂದರೆ ನನ್ನನ್ನು ಸಾಕಿದ ದೊಡ್ಡಪ್ಪ. ದೀಪದ ಎಣ್ಣೆ ಉಳಿಯಲೆಂದು ಸೂರ್ಯ ಮುಳುಗುವ ಮೊದಲೇ ನಮ್ಮನ್ನು ಮಲಗಿಸುತ್ತಾನೆ. ಮೊನ್ನೆ ಕುಂಪಣಿಯವರು ಆಯುಧ ಒಪ್ಪಿಸಿರೆಂದು ಡಂಗುರ ಸಾರಿಸಿದಾಗ ಊರವರೆಲ್ಲ ಕುದಿಯುತ್ತಾ ಕತ್ತಿ ಕೊಟ್ಟುಬಂದರು; ದೊಡ್ಡಪ್ಪ ಕತ್ತಿ ಕೊಟ್ಟು ಒರೆಯನ್ನು ಕೇಳಿ ವಾಪಸು ತಂದ. ಈಗ ಅದರಲ್ಲಿ ಲಟ್ಟಣಿಗೆ ಮಲಗಿದೆ. ಇಂಥ ಮನೆಯಲ್ಲಿ ಕರಿಗಡಬು ಕಾಣುವುದು ವರ್ಷಕ್ಕೊಮ್ಮೆ, ಎಳ್ಳಮಾವಾಸ್ಯೆಗೆ. ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ, ಮೊದಲ ತುತ್ತನ್ನು ಭೂಮಿತಾಯಿಗೆ ಚರಗವೆಂದು ಚೆಲ್ಲಿ, ಉಳಿದದ್ದನ್ನು ಉಣ್ಣುವ ದಿನ ಅದು. ತಾಯಿಗೂ ಜಿಪುಣತನ ತೋರಿದರೆ ಜೋಳ ಮುನಿಸಿಕೊಳ್ಳುತ್ತದೆಂಬ ಹೆದರಿಕೆಯಿಂದಲೇ ದೊಡ್ಡಪ್ಪ ಬಾಣಲೆ ಇಡಿಸುವುದು. ಆ ಕಡಬಿಗಾಗಿ ನಾನು ದೀಪಾವಳಿಯಿಂದಲೇ ನಾಲಗೆ ಮಸೆಯುತ್ತಾ ಕೂತಿದ್ದೆ.

ಈ ಸಲ ಹಿಂದಿನ ದಿನವೇ ಗಜೇಂದ್ರಗಡದಿಂದ ಸೋದರಮಾವ, ಅತ್ತೆ ಬಂದಿಳಿದರು. ಮಾವನೇ ಧಾರಾಳಿ. ಅವನು ನಕ್ಕರೆ ಅಟ್ಟದ ಇಲಿಗಳು ಊರು ಬಿಡುತ್ತವೆ. ಬಂದವನೇ ಅಡುಗೆಮನೆಗೆ ನುಗ್ಗಿ, ಬಾಣಲೆಗೆ ಎಣ್ಣೆಯ ನೆರಳು ತೋರಿಸಿ ಕಡಬು ಕರಿಯುತ್ತಿದ್ದ ದೊಡ್ಡವ್ವನನ್ನು ಸರಿಸಿ, ಎಣ್ಣೆಗಡಿಗೆಯನ್ನೇ ಬಗ್ಗಿಸಿಬಿಟ್ಟ. ಕಡಬುಗಳು ಕೆರೆಯಲ್ಲಿನ ಎಮ್ಮೆಗಳಂತೆ ಈಜಿದವು. ದೊಡ್ಡಪ್ಪ ಗೋಡೆ ಹಿಡಿದು ಕುಸಿದ. ನಾನು ಮಾವನ ಕಾಲಿಗೆ ಬಿದ್ದೆ.

ಮರುದಿನ ಹೊಲದಲ್ಲಿ ಅದೇ ಕಾಲು ಹಿಡಿದು ಎಳೆಯಬೇಕೆನಿಸಿತು. ದೊಡ್ಡಪ್ಪ ಚಿಟಿಕೆಯಲ್ಲಿ ಚೆಲ್ಲುತ್ತಿದ್ದ ಚರಗವನ್ನು ಮಾವ ಬೊಗಸೆಯಲ್ಲಿ ಚೆಲ್ಲಿದ. ಆಮೇಲೆ ಬದುವಿನ ಮೇಲೆ ನಿಂತು ನರಗುಂದದ ಹಾದಿಯಲ್ಲಿ ಹೊರಟವರನ್ನೆಲ್ಲ ಕೂಗಿದ. ಈ ದಿನ ಹೊಲಕ್ಕೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಬಾರದು, ಒಪ್ಪಿದೆ. ಹೋಗುತ್ತಿರುವವರನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು ತರಬೇಕೆಂದು ಯಾವ ಶಾಸ್ತ್ರದಲ್ಲಿದೆ? ಕುರುಬರು ಬಂದರು, ಬಳೆಗಾರ ಬಂದ. ಗೆಜ್ಜೆಕೋಲು ಕುಣಿಸುತ್ತಾ ಓಡುತ್ತಿದ್ದ ಟಪಾಲಿನವನ ಜೊತೆ ಮಾವ ತಾನೂ ಓಡಿ, ಅವನ ಎರಡೂ ದವಡೆಗೆ ಕಡಬು ತುರುಕಿ ಬಂದ. ಕೊನೆಗೆ ಕುಂಪಣಿಯ ಇಬ್ಬರು ಸವಾರರನ್ನೂ ಕುದುರೆಯಿಂದ ಇಳಿಸಿದ. ನಮ್ಮ ಕತ್ತಿ ಒಯ್ದವರಿಗೆ ನಮ್ಮದೇ ಕಡಬು. ಬುಟ್ಟಿಯ ತಳ ಕಂಡಿತು. ನನಗೆ ತಡೆಯಲಾಗಲಿಲ್ಲ.

"ಮಾವಾ, ನಾವಿನ್ನೂ ಉಂಡಿಲ್ಲ."

"ನಾವು ಮನಿಯವ್ರಲ್ಲೇನೋ ಅಳಿಯಾ, ನಾಳಿ ಉಂಡ್ರಾತು," ಎಂದು ನಗುತ್ತಾ ಕೊನೆಯ ಕಡಬನ್ನು ಒಬ್ಬ ಸವಾರನ ಕುದುರೆಯ ಬಾಯಿಗಿಟ್ಟ.

ಅತ್ತೆಯ ಮುಖ ನೋಡಿದೆ. ಅವಳು ಸೆರಗಿನ ಗಂಟು ಬಿಚ್ಚಿ ಒಣ ರೊಟ್ಟಿ ಮುರಿಯುತ್ತಿದ್ದಳು. "ಇವ್ರ ಕೂಡ ಎಲ್ಲಿ ಹೋದ್ರೂ ಇದನ್ನ ಕಟಗೊಂಡ ಹೋಗ್ತೀನಪಾ. ಲಗ್ನ ಆದಾಗಿಂದ ಬಿಸಿ ಹೋಳಿಗಿ ಮಂದಿ ಬಾಯಾಗಷ್ಟ ನೋಡೀನಿ," ಎಂದಳು.

ಆಗ ದೊಡ್ಡಪ್ಪ ನನ್ನನ್ನು ಬಂಡಿಯ ಮರೆಗೆ ಕರೆದ. ಸುತ್ತ ನೋಡಿ, ನಡುಪಟ್ಟಿಯಿಂದ ಚಪ್ಪಟೆಯಾದ ಒಂದು ಕಡಬು ತೆಗೆದು, ಮುರಿದು, ಅರ್ಧ ನನ್ನ ಕೈಗಿಟ್ಟ. ಹುಟ್ಟಿದಾಗಿನಿಂದ ನಾನು ಕೇಳದೆ ಅವನು ಕೊಟ್ಟದ್ದು ಅದೊಂದೇ. ನನ್ನ ಕಣ್ಣು ತುಂಬುವುದರಲ್ಲಿತ್ತು. ಅಷ್ಟರಲ್ಲಿ ನನ್ನ ತಲೆಗೆ ಸುತ್ತಿದ ರುಮಾಲಿನಿಂದ ಎಣ್ಣೆ ಇಳಿದು ಮೂಗಿನ ತುದಿಯಲ್ಲಿ ತೊಟ್ಟಿಕ್ಕಿತು. ಬೆಳಿಗ್ಗೆ ಬುಟ್ಟಿ ಕಟ್ಟುವಾಗಲೇ ನಾನು ರುಮಾಲಿನ ಸುತ್ತಿನೊಳಗೆ ಕೈಗೆ ಸಿಕ್ಕಷ್ಟು ಕಡಬು ಸೇರಿಸಿದ್ದೆ. ಮನೆಯ ಎಂದಿನ ಕಡಬಾಗಿದ್ದರೆ ಒಂದು ಹನಿಯೂ ಇಳಿಯುತ್ತಿರಲಿಲ್ಲ. ಮಾವನ ಧಾರಾಳತನ ನೋಡಿ.

ದೊಡ್ಡಪ್ಪ ರುಮಾಲನ್ನು ಬೆರಳಿನಿಂದ ಒತ್ತಿ ನೋಡಿದ. ನನ್ನ ಕೈಗಿಟ್ಟಿದ್ದ ಅರ್ಧ ಕಡಬನ್ನು ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಎದೆಯುಬ್ಬಿಸಿ, ಹೊಲಕ್ಕೆಲ್ಲ ಕೇಳುವಂತೆ, "ಖರೇ ನಮ್ಮ ಮನಿತನದಾಂವ ನೋಡ ನೀ," ಎಂದ.

ಮಾವನಿಗೂ ಕೇಳಿಸಿತು. ನಗುತ್ತಾ ಬಂದು ನನ್ನ ರುಮಾಲು ಬಿಚ್ಚಿದ. ಎರಡನೆಯ ಸವಾರನ ಕುದುರೆ ಇನ್ನೂ ಉಂಡಿರಲಿಲ್ಲ.

ಈಗ ನಮ್ಮೂರ ಅಜ್ಜಿಯರು ಈ ಕಥೆಯನ್ನೂ ಹೇಳುತ್ತಾರೆ. ಅದರಲ್ಲಿ ಧಾರಾಳಿ ಮಾವನೇ. ಜಿಪುಣ ಮಾತ್ರ ದೊಡ್ಡಪ್ಪ ಅಲ್ಲ.