ಲೇಸರಿಗೆ ಅಡ್ಡ ಬಂದ ಉಡುದಾರ

ಹೊಟ್ಟೆ ಎನ್ನುವುದು ಒಂದೇ ದಿನದಲ್ಲಿ ಬರುವುದಿಲ್ಲ. ಹಾಗೆ ಬಂದಿದ್ದರೆ ನಾನೂ ಗಾಬರಿಬಿದ್ದು ಏನಾದರೂ ಮಾಡುತ್ತಿದ್ದೆ. ಎರಡು ದಿನ ಇದ್ದು ಹೋಗುತ್ತೇನೆಂದು ಬಂದ ನೆಂಟನಂತೆ ಅದು ಬರುತ್ತದೆ, ಸೋಫಾದ ಮೇಲೆ ಕಾಲು ಚಾಚುತ್ತದೆ, ಕೊನೆಗೆ ರೇಷನ್ ಕಾರ್ಡಿನಲ್ಲೂ ಹೆಸರು ಸೇರಿಸಿಕೊಂಡುಬಿಡುತ್ತದೆ. ನನ್ನದು ಕಾಲೇಜೊಂದರ ಆಫೀಸಿನಲ್ಲಿ ಕೂತು, ಬಸವೇಶ್ವರನಗರದ ದರ್ಶಿನಿಗಳಲ್ಲಿ ನಿಂತು ಬೆಳೆಸಿದ ಹೊಟ್ಟೆ. ಶರಟನ್ನು ಪ್ಯಾಂಟಿನ ಹೊರಗೆ ಬಿಟ್ಟು, ಗ್ರೂಪ್ ಫೋಟೋಗಳಲ್ಲಿ ಹಿಂದಿನ ಸಾಲಿಗೆ ಸರಿದು, ಹೇಗೋ ಅದರ ಮಾನವನ್ನೂ ನನ್ನ ಮಾನವನ್ನೂ ಕಾಪಾಡಿಕೊಂಡು ಬಂದಿದ್ದೆ.

ಅಷ್ಟರಲ್ಲಿ ನನಗೆ ಅರವತ್ತು ತುಂಬುವ ಹೊತ್ತು ಬಂತು. ಅರವತ್ತರ ಶಾಂತಿ ಮಾಡಲೇಬೇಕೆಂದು ಹಟ ಹಿಡಿದವನು ನನ್ನ ಭಾವಮೈದ ಪ್ರಕಾಶ. ಮಹಾಲಕ್ಷ್ಮಿ ಲೇಔಟಿನಲ್ಲಿರುವ ಇವನು ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ಓಡುತ್ತಾನೆ, ಓಡಿದ್ದನ್ನು ಫ್ಯಾಮಿಲಿ ಗ್ರೂಪಿಗೆ ಹಾಕುತ್ತಾನೆ. "ಭಾವ, ಹಾಲ್ ಬುಕ್ ಮಾಡ್ಬಿಟ್ಟಿದೀನಿ. ದೊಡ್ಡ ಸ್ಕ್ರೀನ್ ಇದೆ. ನಿಮ್ ತಲೆ ಮೇಲೆ ಕಳಸದ ನೀರು ಹಾಕೋದು ಕೊನೇ ಸಾಲಲ್ಲಿ ಕೂತೋರಿಗೂ ಕಾಣ್ಬೇಕು" ಅಂದ. ಕಳಸದ ನೀರು ಹಾಕುವಾಗ ಬರಿಮೈಯಲ್ಲಿ, ಒಂದು ಪಂಚೆಯಲ್ಲಿ ಕೂರಬೇಕು. ನೆಂಟರಿಷ್ಟರೆಲ್ಲ ಸಾಲಾಗಿ ಬಂದು ನೀರು ಸುರಿಯುತ್ತಾರೆ. ಇಷ್ಟು ವರ್ಷ ಹಿಂದಿನ ಸಾಲಿನಲ್ಲಿ ಬಚ್ಚಿಟ್ಟ ಹೊಟ್ಟೆ ಗೋಡೆಯಷ್ಟಗಲ ಸ್ಕ್ರೀನಿನ ಮೇಲೆ ಮೂಡುವುದನ್ನು ನೆನೆದು ನನಗೆ ಆ ರಾತ್ರಿ ಮುದ್ದೆ ಇಳಿಯಲಿಲ್ಲ. ಆದರೂ ತಿಂದೆ.

ವಾಕಿಂಗ್ ಮಾಡಿ ನೋಡಿದೆ. ನಮ್ಮ ಪಾರ್ಕಿನ ಗೇಟಿನೆದುರೇ ಬಿಸಿ ಇಡ್ಲಿ ಸಿಗುವ ಹೋಟೆಲಿದೆ ಎಂದರೆ ಉಳಿದದ್ದನ್ನು ಹೇಳಬೇಕಾಗಿಲ್ಲ. ಕೊನೆಗೆ ಅತ್ತಿಗುಪ್ಪೆ ಮೆಟ್ರೋ ಇಳಿದು ಬರುವಾಗ ಕಂಡ ಬೋರ್ಡೊಂದನ್ನು ನಂಬಿ, ಗಿರಿಜೆಯನ್ನೂ ಕರೆದುಕೊಂಡು ಒಂದು ಕ್ಲಿನಿಕ್ಕಿಗೆ ಹೋದೆ. ಗಿರಿಜೆ ನನ್ನ ಹೆಂಡತಿ. ಆ ಹೊಟ್ಟೆಯಲ್ಲಿ ಅರ್ಧ ಪಾಲು ಅವಳದೇ ಕೈರುಚಿ. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. "ಅಂಕಲ್, ಇದು ವೆಯ್ಟ್ ಲಾಸ್ ಅಲ್ಲ. ಸಣ್ಣ ಸಣ್ಣ ತೂತು ಮಾಡಿ, ಲೇಸರ್‌ನಲ್ಲಿ ಕೊಬ್ಬು ಕರಗಿಸಿ, ಹೀರಿ ತೆಗೀತೀವಿ ಅಷ್ಟೇ. ಆಮೇಲೆ ಒಂದೂವರೆ ತಿಂಗಳು ಬಿಗಿ ಬೆಲ್ಟ್ ಹಾಕ್ಕೋಬೇಕು. ಸ್ನಾನಕ್ಕೆ ಮಾತ್ರ ಬಿಚ್ಚಬಹುದು. ನಾಳೆನೇ ಮಾಡಿಸ್ಕೊಳ್ಳಿ" ಅಂದಳು. ಗಿರಿಜೆ ತಕ್ಷಣ, "ನಾಳೆನಾ? ಆಷಾಢ ಅಲ್ವೇನಮ್ಮಾ? ಶ್ರಾವಣ ಬರ್ಲಿ" ಅಂದಳು. ಶಾಂತಿ ಇದ್ದದ್ದೂ ಶ್ರಾವಣದ ಕೊನೆಯಲ್ಲೇ. ಬೆಲ್ಟಿನ ಲೆಕ್ಕ ತಪ್ಪುತ್ತಿದೆ ಎಂದು ಆಗಲೇ ನನಗೆ ಹೊಳೆಯಬೇಕಿತ್ತು.

ಶ್ರಾವಣ ಬಂತು. ಕ್ಲಿನಿಕ್ಕಿನ ಹಸಿರು ಗೌನು ತೊಟ್ಟು ಮಂಚದ ಮೇಲೆ ಮಲಗಿದೆ. ಹುಬ್ಬಳ್ಳಿ ಕಡೆಯ ನರ್ಸಮ್ಮ ಬಂದು ನೋಡಿ, "ಸರ, ಈ ಉಡದಾರ ತಗೀಬೇಕ್ರಿ" ಅಂದಳು. ನಾನು ಎದ್ದು ಕೂತೆ. ನಮ್ಮ ಕಡೆ ಗಂಡಸು ಸೊಂಟದ ಉಡುದಾರ ತೆಗೆಯುವುದು ಹೆಂಡತಿ ಸತ್ತಾಗ ಮಾತ್ರ. ಸ್ಕ್ಯಾನಿಂಗಿಗೆ ಹೋದಾಗಲೂ ಅದನ್ನು ಸರಿಸಿ ನಿಭಾಯಿಸಿದವನು ನಾನು. ನನ್ನ ಹೆಂಡತಿ ಹೊರಗೆ ಕುರ್ಚಿಯಲ್ಲಿ ಹೂ ಕಟ್ಟುತ್ತ ಗಟ್ಟಿಮುಟ್ಟಾಗಿ ಕೂತಿದ್ದಾಳೆ ಎಂದು ತಿಳಿಸಿದೆ. "ನಮ್ಮೂರಾಗೂ ಹಂಗ ಅಂತಾರ್ರಿ, ನಾ ಅಕ್ಕಾರ್ನ ಕೇಳ್ಕೊಂಡ್ ಬರ್ತೀನಿ" ಎಂದು ಆಕೆ ಹೋದಳು. ಮರುಕ್ಷಣ ಗಿರಿಜೆಯ ದನಿ ಬಾಗಿಲು ದಾಟಿ ಒಳಗೆ ಬಂತು: "ರೀ, ನಾನಿನ್ನೂ ಬದುಕಿದೀನಿ ಕಣ್ರೀ!"

ನಗು ಬಂತು, ಆದರೆ ಒಳಗೆ ಬಂದ ಅವಳ ಮುಖ ನೋಡಿದ ಮೇಲೆ ನಿಂತಿತು. ಅವಳಿಗೆ ನಿಜವಾಗಿಯೂ ಭಯವಾಗಿತ್ತು. ಕೊನೆಗೆ ಅವಳೇ ದಾರಿ ಹುಡುಕಿದಳು. ಹಳೆಯದನ್ನು ಕತ್ತರಿಸುವ ಮೊದಲು ಹೊಸದು ಮೈಮೇಲಿರಬೇಕು. ಎದುರಿನ ಪೂಜೆ ಸಾಮಾನಿನ ಗ್ರಂಥಿಗೆ ಅಂಗಡಿಯಿಂದ ಕರಿದಾರ ತಂದು, ಕಂಕುಳ ಕೆಳಗೆ ಎದೆಗೆ ಸುತ್ತಿ ಗಂಟು ಹಾಕಿದಳು. ಆಮೇಲಷ್ಟೇ ನರ್ಸಮ್ಮ ಹಳೆಯದನ್ನು ಕತ್ತರಿಸಿದಳು. ಹೀಗೆ ಬ್ರಾಹ್ಮಣರ ಜನಿವಾರವೂ ಅಲ್ಲದ, ಮಕ್ಕಳ ತಾಯಿತವೂ ಅಲ್ಲದ ಒಂದು ದಾರವನ್ನು ಎದೆಗೆ ಕಟ್ಟಿಕೊಂಡು ನಾನು ಲೇಸರಿಗೆ ಹೊಟ್ಟೆ ಒಪ್ಪಿಸಿದೆ. ಎಲ್ಲ ಮುಗಿದ ಮೇಲೆ ಗಿರಿಜೆ ಆ ದಾರವನ್ನು ಜಾಗರೂಕತೆಯಿಂದ ಸೊಂಟಕ್ಕೆ ಇಳಿಸಿದಳು. ಹತ್ತಿ, ಊತ, ಬೆಲ್ಟು ಎಲ್ಲದರ ಮೇಲೆ ಅದು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

ವಾರಗಳು ಕಳೆದಂತೆ ಊತ ಇಳಿಯಿತು. ಕನ್ನಡಿಯ ಮುಂದೆ ಓರೆಯಾಗಿ ನಿಂತು ನೋಡಿಕೊಳ್ಳುವ ಹೊಸ ಚಟ ಹತ್ತಿತು. ಉಡುದಾರ ಸಡಿಲವಾಗಿ ಜೋಲುತ್ತಿತ್ತು. ಬಿಗಿ ಮಾಡಬೇಕಾದರೆ ಬಿಚ್ಚಬೇಕು, ಬಿಚ್ಚುವ ಹಾಗಿಲ್ಲ. ಕ್ಲಿನಿಕ್ಕಿನಲ್ಲಿ ಮಾಡಿದ ಹಾಗೆ ಮೊದಲು ಇನ್ನೊಂದು ಕಟ್ಟಬಹುದೆಂದು ಮನೆಯಲ್ಲಿ ಇಬ್ಬರಿಗೂ ಹೊಳೆಯಲಿಲ್ಲ.

ಶಾಂತಿಯ ದಿನ ಕಳಸದ ನೀರೂ ಸ್ನಾನವೇ ಎಂದು ನಾನೇ ತೀರ್ಪು ಕೊಟ್ಟುಕೊಂಡು ಬೆಲ್ಟು ಬಿಚ್ಚಿ ಗಿರಿಜೆಯ ಚೀಲಕ್ಕೆ ಹಾಕಿದೆ. ಪಂಚೆಯ ಅಂಚನ್ನು ಎಂದಿನಂತೆ ಉಡುದಾರಕ್ಕೆ ಸಿಕ್ಕಿಸಿ, ಎದೆ ಸೆಟೆಸಿ ಮಣೆಯ ಮೇಲೆ ಕೂತೆ. ಸ್ಕ್ರೀನಿನಲ್ಲಿ ನನ್ನ ಹೊಟ್ಟೆ ಸಮತಟ್ಟಾಗಿ ಕಂಡಿತು. ಪ್ರಕಾಶನತ್ತ ಒಂದು ನೋಟ ಬೀರಿದೆ. ನೆಂಟರು ನೀರು ಸುರಿದರು. ಪಂಚೆ ನೆನೆದು ಭಾರವಾಯಿತು. "ಏಳಿ ಯಜಮಾನ್ರೇ, ಪೂರ್ವಕ್ಕೆ ತಿರುಗಿ ನಮಸ್ಕಾರ ಮಾಡಿ" ಎಂದರು ಪುರೋಹಿತರು. ಎದ್ದೆ. ಕೈ ಮುಗಿದೆ. ಇಷ್ಟು ವರ್ಷ ಪಂಚೆಯನ್ನು ಹಿಡಿದಿಟ್ಟದ್ದು ಉಡುದಾರವಲ್ಲ, ಹೊಟ್ಟೆ ಎಂದು ಆಗ ತಿಳಿಯಿತು. ದಾರ, ಪಂಚೆ ಎರಡೂ ಜೊತೆಯಾಗಿ ಇಳಿಯತೊಡಗಿದವು. ಗಿರಿಜೆ ಒಂದು ಕೈಯಲ್ಲಿ ಪಂಚೆ ಹಿಡಿದು, ಇನ್ನೊಂದು ಕೈಯಲ್ಲಿ ಚೀಲದಿಂದ ಬೆಲ್ಟು ಎಳೆದಳು. "ಮಡೀಲಿ ಬೆಲ್ಟಾ?" ಎಂದರು ಪುರೋಹಿತರು. ಮತ್ತೆ ನನ್ನನ್ನೊಮ್ಮೆ ನೋಡಿ, "ಕಟ್ಟಿ, ಕಟ್ಟಿ, ಬೇಗ ಕಟ್ಟಿ!" ಎಂದರು. ಒದ್ದೆ ಪಂಚೆಯ ಮೇಲೆ ಅಂಗೈ ಅಗಲದ ಕಪ್ಪು ಬೆಲ್ಟು ಪಟಪಟನೆ ಅಂಟಿಕೊಂಡಿತು. ಕೊನೇ ಸಾಲಿನವರಿಗೂ ಚೆನ್ನಾಗಿ ಕಂಡಿತು.

ಆ ಕ್ಷಣದ ಫೋಟೋವನ್ನು ಪ್ರಕಾಶ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ಕೊಟ್ಟಿದ್ದಾನೆ. ಮನೆಯ ಹಾಲಿನಲ್ಲಿ ತೂಗುಹಾಕಿದ್ದೇವೆ. ಬಂದವರಲ್ಲಿ ಒಬ್ಬರಾದರೂ "ತೆಳ್ಳಗಾಗಿದೀರ" ಅಂದಿಲ್ಲ. ಮೊನ್ನೆ ಪಕ್ಕದ ಮನೆಯ ಆಂಟಿ ಫೋಟೋವನ್ನೇ ಬಹಳ ಹೊತ್ತು ನೋಡಿ, "ಪಾಪ, ಸೊಂಟ ನೋವಾ ಸಾರ್? ಅರವತ್ತಾದ್ಮೇಲೆ ಇದೆಲ್ಲ ಇದ್ದಿದ್ದೇ ಬಿಡಿ" ಅಂದರು. ನಾನು ಸೊಂಟದ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ನರಳಿ, "ಹೌದಮ್ಮ, ತುಂಬಾ ನೋವು" ಅಂದೆ. ಅವರು ಮನೆಗೆ ಹೋಗಿ, ಸೊಂಟಕ್ಕೆ ಬಲ ಬರಲೆಂದು ಒಂದು ಡಬ್ಬಿ ತುಪ್ಪ ಸುರಿಯುವ ಅಂಟಿನುಂಡೆ ಕಳಿಸಿದರು. ಅದರಲ್ಲಿ ಕೊನೆಯದನ್ನು ಈಗಷ್ಟೇ ತಿಂದು ಮುಗಿಸಿದೆ.