ಲೋಕನಾಥ ಮಾಸ್ಟ್ರ ಆಟದ ಪಾಠ

ಲೋಕನಾಥ ಮಾಸ್ಟ್ರು ಕೈ ಎತ್ತಿದ್ದು ಫ್ಯಾನಿನ ವಿಷಯಕ್ಕೆ. ಮಂಗಳೂರಿನ ಶಿಕ್ಷಕರ ತರಬೇತಿಯಲ್ಲಿ ಊಟವಾದ ಮೇಲೆ ತೂಕಡಿಕೆ ಹತ್ತಿ, ಸೆಕೆಗೆ ಎಚ್ಚರವಾಗಿ, ಯಾರಾದರೂ ಫ್ಯಾನಿನ ಸ್ವಿಚ್ ಹಾಕಲಿ ಎಂದು ಕೈ ಎತ್ತಿದ್ದರು. ಅದೇ ಗಳಿಗೆಯಲ್ಲಿ ವೇದಿಕೆಯ ಮೇಲಿದ್ದವರು, ವಿಡಿಯೋ ಗೇಮ್ ಮೂಲಕ ಪಾಠ ಮಾಡಿ ತೋರಿಸಲು ಯಾರು ಮುಂದೆ ಬರುತ್ತೀರಿ ಎಂದು ಕೇಳಿದ್ದರು. ಮಾಸ್ಟ್ರ ಹೆಸರು ಬರೆದುಕೊಂಡರು. ಚಪ್ಪಾಳೆಯೂ ಆಯಿತು. ಫ್ಯಾನು ಮಾತ್ರ ತಿರುಗಲಿಲ್ಲ.

ಇವತ್ತು ಆ ಪಾಠದ ದಿನ. ಜಿಲ್ಲಾ ಕಚೇರಿಯಿಂದ ಕೃಷ್ಣಪ್ರಸಾದ್ ಎಂಬ ಅಧಿಕಾರಿ ನೋಡಲು ಬರುವವರಿದ್ದರು.

ಮಾಸ್ಟ್ರು ತೋಡಾರಿನ ಸರಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವರು. ಮನೆ ಬಿ.ಸಿ.ರೋಡಿನಲ್ಲಿ. ಬೆಳಿಗ್ಗೆ ಮೂಡುಬಿದಿರೆಯವರೆಗೆ ಒಂದು ಬಸ್ಸು, ಅಲ್ಲಿಂದ ತೋಡಾರಿಗೆ ಇನ್ನೊಂದು. ಎರಡರಲ್ಲೂ ನಿಂತೇ ಪ್ರಯಾಣ. ಪಾಠ ಮಾಡುವುದಕ್ಕಾಗಿ ಸರಕಾರ ತನಗೆ ಸಂಬಳ ಕೊಡುತ್ತದೆ ಎಂಬುದು ಅವರಿಗೆ ಆಗಾಗ ಮರೆತುಹೋಗುತ್ತಿತ್ತು. ಮೊಟ್ಟೆ ಬೇಯಿಸಿದ ಲೆಕ್ಕ, ಮತದಾರರ ಪಟ್ಟಿ, ಮನೆಮನೆ ಸಮೀಕ್ಷೆ, ಸೈಕಲ್ಲಿನ ವಿತರಣೆ. ಇಲಾಖೆಯಲ್ಲಿ ಒಂದು ಹೊಸ ಕೆಲಸ ಹುಟ್ಟಿದರೆ ಸಾಕು, ಅದು ದಾರಿ ಕೇಳಿಕೊಂಡು ಅವರ ಬಳಿಗೇ ಬರುತ್ತಿತ್ತು. ಸೊಂಟವಂತೂ ಹಳೆ ಮನೆಯ ಬಾಗಿಲಿನ ಹಾಗೆ ಏಳುವಾಗಲೂ ಕೂರುವಾಗಲೂ ಸದ್ದು ಮಾಡುತ್ತಿತ್ತು.

ಅವರಿಗಿದ್ದದ್ದು ಒಂದೇ ಆಸೆ. ಬಿ.ಸಿ.ರೋಡಿನ ಶಿಕ್ಷಕರ ತರಬೇತಿ ಕೇಂದ್ರದಲ್ಲಿ ಒಂದು ಜಾಗ ಖಾಲಿ ಇತ್ತು. ಯಾವ ವಿಷಯದ ಮಾಸ್ಟ್ರಾದರೂ ಆಗುತ್ತದೆ. ಮನೆಯಿಂದ ಚಪ್ಪಲಿ ಹಾಕಿಕೊಂಡು ನಡೆದು ಹೋಗಬಹುದು. ಹೋಗಿ ಕುರ್ಚಿಯಲ್ಲಿ ಕೂರಬಹುದು. ನಿಯೋಜನೆ ಕೊಡುವುದು ಇದೇ ಕೃಷ್ಣಪ್ರಸಾದರ ಕೈಯಲ್ಲಿತ್ತು. ಪಾಠ ಚೆನ್ನಾಗಿ ಮಾಡುವುದು, ಅವರು ಸಂತೋಷದಲ್ಲಿದ್ದಾಗ ಮೆಲ್ಲಗೆ ವಿಷಯ ತೆಗೆಯುವುದು ಎಂದು ಮಾಸ್ಟ್ರು ಲೆಕ್ಕ ಹಾಕಿದರು. ಎಷ್ಟೋ ವರ್ಷಗಳ ನಂತರ ಒಂದು ಕೆಲಸಕ್ಕೆ ಅವರು ಮನಸ್ಸು ಕೊಟ್ಟದ್ದು ಅದೇ ಮೊದಲು.

ಆರಿಸಿದ್ದು ಊರು ಕಟ್ಟುವ ಆಟ. ರಸ್ತೆ ಹಾಕಬೇಕು, ನೀರು ಕೊಡಬೇಕು, ತೆರಿಗೆ ಎತ್ತಬೇಕು. ಸ್ಥಳೀಯ ಸರಕಾರದ ಪಾಠಕ್ಕೆ ಹೇಳಿ ಮಾಡಿಸಿದ್ದು. ಭಾನುವಾರ ಇಡೀ ದಿನ ಕೂತು ಅಭ್ಯಾಸ ಮಾಡಿದ್ದರು. ಸಂಜೆಯಾಗುವಷ್ಟರಲ್ಲಿ ಅವರು ಕಟ್ಟಿದ ಊರಿನ ಜನರೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಗಿದ್ದರು.

ಶಾಲೆಗೆ ಬಂದು ಲ್ಯಾಪ್‌ಟಾಪಿಗೆ ದೊಡ್ಡ ಟಿವಿ ಜೋಡಿಸುತ್ತಿದ್ದಾಗ ಹಿಂದಿ ಮಾಸ್ಟ್ರು ಶಿವಕೃಷ್ಣ ಸಹಾಯಕ್ಕೆ ಬಂದರು. ಶಿವಕೃಷ್ಣರ ಮನೆ ಶಾಲೆಯ ಹಿಂದೆಯೇ. ಮಧ್ಯಾಹ್ನ ಮನೆಗೆ ಹೋಗಿ ಉಂಡು, ಚಿಕ್ಕದೊಂದು ನಿದ್ದೆ ಮುಗಿಸಿ, ಗಂಟೆಯ ಸದ್ದಿಗೆ ಎದ್ದು ಬರುವಷ್ಟು ಪುಣ್ಯವಂತರು. ಯಂತ್ರ ಕಂಡರೆ ಅವರ ಬೆರಳು ಸುಮ್ಮನಿರುತ್ತಿರಲಿಲ್ಲ. ಸೌಂಡ್ ಸ್ವಲ್ಪ ಜಾಸ್ತಿ ಮಾಡುತ್ತೇನೆ ಎಂದು ಏನೋ ಒತ್ತಿದರು. ಆಟದ ಅಕ್ಷರಗಳೆಲ್ಲ ಚೀನಿ ಭಾಷೆಗೆ ತಿರುಗಿದವು. ವಾಪಸು ತರಲು ಇನ್ನೇನೋ ಒತ್ತಿದರು. ಸೌಂಡೂ ಹೋಯಿತು.

"ಎಂತ ಮಾಡಿದಿರಿ ಮಾರಾಯ್ರೆ?" ಎಂದರು ಲೋಕನಾಥರು. ಕೋಪ ಮಾಡಲು ಬೇಕಾದ ಶಕ್ತಿಯೂ ಇರಲಿಲ್ಲ.

"ಚಿತ್ರ ಉಂಟಲ್ಲ, ಸಾಕು ಬಿಡಿ. ಅಧಿಕಾರಿಗೆ ಎಂತ ಗೊತ್ತಾಗ್ತದೆ" ಎಂದು ಹೇಳಿ ಶಿವಕೃಷ್ಣರು ತಮ್ಮ ತರಗತಿಗೆ ಹೋದರು.

ಅಷ್ಟರಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ಭೋಜ ಶೆಟ್ಟರು ಬಾಗಿಲಲ್ಲಿ ನಿಂತಿದ್ದರು. ಗಲ್ಫಿನಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಅವರ ಮೊಮ್ಮಗಳು ಸುರಕ್ಷಾ ಇದೇ ತರಗತಿಯಲ್ಲಿದ್ದಳು.

"ಮಾಸ್ಟ್ರೇ, ಹೋದ ತಿಂಗಳು ಪೋಷಕರ ಸಭೆಯಲ್ಲಿ ಮೊಬೈಲ್ ಆಟ ವಿಷ ಅಂತ ಭಾಷಣ ಮಾಡಿದ್ದು ನೀವೇ ಅಲ್ಲವಾ? ನಿಮ್ಮ ಮಾತು ಕೇಳಿ ನಾನು ಮೊಮ್ಮಗಳ ಮೊಬೈಲ್ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಅವತ್ತಿನಿಂದ ಅವಳು ನನ್ನ ಹತ್ತಿರ ಮಾತಾಡುವುದಿಲ್ಲ. ಈಗ ನೀವು ಅದನ್ನೇ ಟಿವಿಯಷ್ಟು ದೊಡ್ಡದು ಮಾಡಿ ಆಡಿಸ್ತೀರಂತೆ."

ಇದು ಆಟವಲ್ಲ, ಪಾಠ ಎಂದರು ಮಾಸ್ಟ್ರು. ಹಾಗಾದರೆ ತಾನೂ ಕೂತು ನೋಡುತ್ತೇನೆ ಎಂದು ಶೆಟ್ಟರು ಮುಂದಿನ ಬೆಂಚಿನಲ್ಲಿ ಜಾಗ ಮಾಡಿಕೊಂಡರು. ಹೊರಗೆ ಜೀಪು ಬಂದು ನಿಂತ ಸದ್ದಾಯಿತು. ಮುಖ್ಯೋಪಾಧ್ಯಾಯಿನಿ ತ್ರಿಪುರಸುಂದರಿಯವರು ಅಧಿಕಾರಿಯನ್ನು ಕರೆದುಕೊಂಡು ಒಳಗೆ ಬಂದರು.

ಟಿವಿಯ ಮೇಲಿನ ಒಂದಕ್ಷರವೂ ಓದಲು ಬರದ ಮಾಸ್ಟ್ರು, ಮಕ್ಕಳಲ್ಲಿ ಯಾರಿಗೆ ಆಟ ಗೊತ್ತುಂಟು ಎಂದು ಕೇಳಿದರು. ಎಲ್ಲರೂ ಹಫ್ಸಳನ್ನು ತೋರಿಸಿದರು. ಅವಳನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ಸೊಂಟ ಹಿಡಿದುಕೊಂಡು ಹೋಗಿ ಕೊನೆಯ ಬೆಂಚಿನಲ್ಲಿ ಕೂತುಬಿಟ್ಟರು. ಮಕ್ಕಳು ತಿರುಗಿ ಏನಾದರೂ ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ಆದ್ದರಿಂದ, "ಯಾಕೆ ಹಾಗಾಯಿತು? ನೀವೇ ಯೋಚಿಸಿ" ಎಂದಷ್ಟೇ ಹೇಳುತ್ತಿದ್ದರು. ಅಧಿಕಾರಿ ಕನ್ನಡಕ ಸರಿ ಮಾಡಿಕೊಂಡು ಮಾಸ್ಟ್ರನ್ನು ಒಮ್ಮೆ, ಮಕ್ಕಳನ್ನು ಒಮ್ಮೆ ನೋಡುತ್ತಿದ್ದರು.

ಹಫ್ಸ ರಸ್ತೆ ಹಾಕಿದಳು, ಮನೆ ಕಟ್ಟಿದಳು, ನೀರಿನ ಟ್ಯಾಂಕಿ ಇಟ್ಟಳು. ಊರು ಚಿಗುರಿಕೊಂಡಿತು. ಭೋಜ ಶೆಟ್ಟರಿಗೆ ತಡೆಯಲಾಗಲಿಲ್ಲ. ರಸ್ತೆ ಬದಿಯಲ್ಲಿ ನೀರು ಹರಿಯುವ ತೋಡು ಮುಚ್ಚಿ ಅಲ್ಲೊಂದು ಕಾಂಪ್ಲೆಕ್ಸ್ ಕಟ್ಟಿದರೆ ಊರಿಗೆ ಆದಾಯ ಎಂದು ಸಲಹೆ ಕೊಟ್ಟರು. ಮಳೆನೀರು ಹೋಗುವುದು ಎಲ್ಲಿಗೆ ಎಂದು ಮಕ್ಕಳು ಕೇಳಿದರು. ಗಲ್ಫಿನಲ್ಲಿ ಸಮುದ್ರವನ್ನೇ ಮುಚ್ಚಿದ್ದಾರೆ, ಇದೊಂದು ತೋಡು ಯಾವ ಲೆಕ್ಕ ಎಂದರು ಶೆಟ್ಟರು. ಹಿರಿಯರ ಮಾತೆಂದು ಹಫ್ಸ ತೋಡು ಮುಚ್ಚಿದಳು.

ಆಟದೊಳಗೆ ಮಳೆ ಬಂತು. ನೀರು ಕಾಂಪ್ಲೆಕ್ಸಿಗೆ ನುಗ್ಗಿತು, ಶಾಲೆಗೆ ನುಗ್ಗಿತು. ಊರಿನವರ ತಲೆಯ ಮೇಲೆಲ್ಲ ಕೆಂಪು ಸಿಟ್ಟಿನ ಮುಖಗಳು ಎದ್ದವು. ಅಧಿಕಾರಿ ಎದ್ದು ನಿಂತು, ಮೊದಲು ಒಂದು ಸೇತುವೆ ಮಾಡಬೇಕಿತ್ತು ಎಂದರು. ಸೇತುವೆಗೆ ದುಡ್ಡು ಯಾರು ಕೊಡುವುದು ಎಂದು ಶೆಟ್ಟರು ಕೇಳಿದರು. ಇಬ್ಬರೂ ಒಂದೊಂದು ಕುರ್ಚಿ ಎಳೆದುಕೊಂಡು ಟಿವಿಯ ಮುಂದೆಯೇ ಬಂದರು. ಊಟದ ಗಂಟೆ ಹೊಡೆಯಿತು. ಒಬ್ಬರೂ ಏಳಲಿಲ್ಲ. ತ್ರಿಪುರಸುಂದರಿಯವರು ಕೂಡ ಆಸ್ಪತ್ರೆಯನ್ನು ಗುಡ್ಡದ ಮೇಲೆ ಮಾಡುವ ಎಂದು ಸಣ್ಣ ದನಿಯಲ್ಲಿ ಹೇಳಿದರು.

ಆಗ ಸುರಕ್ಷಾ ಎದ್ದು ನಿಂತಳು. "ಅಜ್ಜ, ತೋಡು ಬಿಟ್ಟುಕೊಡಿ."

ಒಂದು ತಿಂಗಳ ಮೇಲೆ ಮೊಮ್ಮಗಳ ಬಾಯಿಂದ ಬಂದ ಮೊದಲ ಮಾತು. ಶೆಟ್ಟರು ಅವಳ ಮುಖ ನೋಡಿದರು, ಕಾಂಪ್ಲೆಕ್ಸಿನ ಮುಖ ನೋಡಿದರು. ನಿಜವಾಗಿ ಕಟ್ಟಿದ್ದನ್ನು ಕಳೆದುಕೊಂಡವರ ಹಾಗೆ ನಿಟ್ಟುಸಿರು ಬಿಟ್ಟು, "ಕೆಡವು ಮಗಾ" ಎಂದು ಹಫ್ಸಳಿಗೆ ಹೇಳಿದರು. ತೋಡು ತೆರೆಯಿತು, ನೀರು ಇಳಿಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಅಧಿಕಾರಿಯೂ ತಟ್ಟಿದರು.

ಹಿಂದಿನ ಬೆಂಚಿನಲ್ಲಿ ಲೋಕನಾಥರಿಗೆ ನಂಬಿಕೆ ಬರಲಿಲ್ಲ. ತಾನು ಮಾಡಿದ್ದು ಏನು ಎಂದು ಹುಡುಕಿದರೆ ಏನೂ ಸಿಗಲಿಲ್ಲ. ಆದರೆ ಬಿ.ಸಿ.ರೋಡಿನ ಕುರ್ಚಿ ಮಾತ್ರ ಕಣ್ಣೆದುರಿಗೇ ಕಾಣುತ್ತಿತ್ತು.

ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಚಹಾ ಕುಡಿಯುತ್ತಾ ಅಧಿಕಾರಿ ಹೊಗಳಿದ್ದೇ ಹೊಗಳಿದ್ದು. ಮಾಸ್ಟ್ರು ಒಂದಕ್ಷರ ಕಲಿಸದೆ ಇಡೀ ಪಾಠ ಕಲಿಸಿದರಂತೆ. ಭಾಷೆ ಬೇಕಂತಲೇ ಬದಲಿಸಿ, ಮಕ್ಕಳು ಓದದೆ ನೋಡಿ ತಿಳಿಯುವ ಹಾಗೆ ಮಾಡಿದ್ದಂತೂ ಅವರು ಎಲ್ಲೂ ಕಂಡಿರದ ವಿಧಾನವಂತೆ. ಇದೇ ಹೊತ್ತು ಎಂದು ಲೋಕನಾಥರು ಗಂಟಲು ಸರಿ ಮಾಡಿಕೊಂಡು ನಿಯೋಜನೆಯ ವಿಷಯ ತೆಗೆದರು.

ಅಧಿಕಾರಿಯ ಚಹಾ ಅರ್ಧಕ್ಕೆ ನಿಂತಿತು.

"ಸತ್ಯ ಹೇಳ್ತೇನೆ ಲೋಕನಾಥರೇ, ಇವತ್ತು ಬರುವಾಗ ನಿಮಗೇ ಅದನ್ನು ಕೊಡುವ ಅಂತ ಗಟ್ಟಿ ಮಾಡಿಕೊಂಡು ಬಂದಿದ್ದೆ. ಅಲ್ಲಿಗೆ ಬೇಕಾದ್ದು ಶಾಲೆಯಲ್ಲಿ ಇಲ್ಲದಿದ್ದರೂ ನಡೆಯುವಂಥ ಮಾಸ್ಟ್ರು. ಪಾಠ ನೋಡಿದ ಮೇಲೆ ನಿಮ್ಮನ್ನು ಇಲ್ಲಿಂದ ತೆಗೆದರೆ ಮಕ್ಕಳ ಶಾಪ ತಟ್ಟುತ್ತದೆ ನನಗೆ."

ಮಾಸ್ಟ್ರು ಬಾಯಿ ತೆರೆದರು. ಪಾಠ ತಾನು ಮಾಡಿದ್ದೇ ಅಲ್ಲ ಎಂದು ಹೇಳೋಣವೆಂದರೆ, ಅಷ್ಟರಲ್ಲಿ ಭೋಜ ಶೆಟ್ಟರು ಬಂದು ಅವರ ಕೈ ಹಿಡಿದುಕೊಂಡು, ನೀವು ನಿವೃತ್ತಿಯಾಗುವವರೆಗೆ ಈ ಶಾಲೆ ಬಿಡಬಾರದು ಎಂದು ಕಣ್ಣೀರು ತಂದುಕೊಂಡಿದ್ದರು. ಬೇರೆ ಯಾರನ್ನು ಕಳಿಸಬಹುದು ಎಂದು ಅಧಿಕಾರಿ ಕೇಳಿದರು. ತ್ರಿಪುರಸುಂದರಿಯವರಿಗೆ ಯೋಚಿಸಬೇಕಾಗಲೇ ಇಲ್ಲ, ಹಿಂದಿ ಮಾಸ್ಟ್ರ ಹೆಸರು ಹೇಳಿದರು. ಶಿವಕೃಷ್ಣರು ಆಗ ಶಾಲೆಯ ಹಿಂದಿನ ಮನೆಯಲ್ಲಿ ಉಂಡು ಮಲಗಿದ್ದರು.

ಮುಂದಿನ ಸೋಮವಾರ ಬೆಳಿಗ್ಗೆ ದಾರಿ ಮಧ್ಯದ ಸಿದ್ದಕಟ್ಟೆಯ ಪೇಟೆಯಲ್ಲಿ ಎರಡು ಬಸ್ಸುಗಳು ಎದುರುಬದುರಾಗಿ ಸಿಕ್ಕಿಕೊಂಡವು. ಮೂಡುಬಿದಿರೆಗೆ ಹೋಗುವುದರಲ್ಲಿ ಲೋಕನಾಥ ಮಾಸ್ಟ್ರು ನಿಂತಿದ್ದರು. ಬಿ.ಸಿ.ರೋಡಿಗೆ ಹೋಗುವುದರಲ್ಲಿ, ಬುತ್ತಿಯ ಚೀಲ ಎದೆಗವಚಿಕೊಂಡು ಶಿವಕೃಷ್ಣರು ನಿಂತಿದ್ದರು. ಇಬ್ಬರ ಕಣ್ಣುಗಳೂ ಸೇರಿದವು. ಇಬ್ಬರಿಗೂ ನಗು ಬರಲಿಲ್ಲ.

ಹೊಸ ಕೆಲಸ ಹೇಗುಂಟು ಎಂದು ಲೋಕನಾಥರು ಕಿಟಕಿಯಿಂದಲೇ ಕೇಳಿದರು.

"ಕೆಲಸ ಒಂದೇ. ಆಟದ ಪಾಠದ ತರಬೇತಿ ಕೊಡಲು ಮಾಸ್ಟ್ರುಗಳನ್ನು ಹುಡುಕಿ ಕಳಿಸುವುದು" ಎಂದರು ಶಿವಕೃಷ್ಣ. "ಈ ಶನಿವಾರ ಬೆಳ್ತಂಗಡಿಯಲ್ಲಿ, ಬರುವ ಶನಿವಾರ ಬಂಟ್ವಾಳದಲ್ಲಿ, ಅದರ ಮೇಲಿನದ್ದು ಕನ್ಯಾನದಲ್ಲಿ. ಎಲ್ಲದಕ್ಕೂ ನಿಮ್ಮ ಹೆಸರೇ ಹಾಕಿದ್ದೇನೆ. ಬೇಜಾರು ಮಾಡಬೇಡಿ ಸರ್, ನನಗೆ ಬೇರೆ ಯಾರದ್ದೂ ಪರಿಚಯ ಇಲ್ಲ."

ದಾರಿ ಬಿಟ್ಟಿತು. ಕಂಡಕ್ಟರ್ ಸೀಟಿ ಊದಿದ. ಎರಡು ಬಸ್ಸುಗಳೂ ಒಬ್ಬರನ್ನು ಇನ್ನೊಬ್ಬರ ಮನೆಯ ಕಡೆಗೆ ಹೊತ್ತುಕೊಂಡು ಹೊರಟವು.