ಮಿರಮಿರ ಮಿಂಚುವ ಟೈರು

ಹೆಂಡತಿ: ಟೈರಿಗೂ ಪಾಲಿಶ್ ಹಚ್ಚಿದ್ರಾ?

ಗಂಡ: ಮತ್ತೆ? ಮೈಯೆಲ್ಲ ಹೊಳೀತಾ ಕಾಲು ಮಾತ್ರ ಕೊಳಕಾಗಿದ್ರೆ ಚೆನ್ನಾಗಿರುತ್ತಾ?

ಅವಳು ಸ್ಕೂಟರಿನ ಹಿಂದಿನ ಚಕ್ರದ ಮೇಲೆ ಬೆರಳಾಡಿಸಿದಳು. ನೆಲಕ್ಕೆ ತಾಗುವ ಭಾಗವೂ ಎಣ್ಣೆ ಸವರಿದ ಬಾಣಲೆಯಂತೆ ನುಣ್ಣಗಿತ್ತು. ಹತ್ತು ಗಂಟೆಗೆ ಅವಳ ಲೈಸೆನ್ಸ್ ಪರೀಕ್ಷೆ. ಗೆರೆಯ ಮೇಲೆ ನಿಲ್ಲಿಸಲಾಗದೆ ಎರಡು ಸಲ ಫೇಲಾಗಿದ್ದಳು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸ್ ಕೆಲಸ ಸಿಕ್ಕಿತ್ತು; ಲೈಸೆನ್ಸ್ ಇಲ್ಲದಿದ್ದರೆ ಅದೂ ಇಲ್ಲ.

ಗಂಡ: ನಾನು ಹೇಳಿಕೊಟ್ಟಿದ್ದು ನೆನಪಿದೆ ತಾನೆ? ಮುಂದಿನ ಬ್ರೇಕ್ ಮುಟ್ಟಬೇಡ. ಮುಟ್ಟಿದ್ರೆ ಪಲ್ಟಿ!

ಹೆಂಡತಿ: ಅದನ್ನ ಕೇಳಿಯೇ ಎರಡು ಸಲ ಜಾರಿದ್ದು. ಬ್ರೇಕ್ ಹಾಕಿದ ತಕ್ಷಣ ಭಾರ ಮುಂದಕ್ಕೆ ಬೀಳುತ್ತೆ, ಹಿಂದಿನ ಚಕ್ರ ಹಗುರಾಗುತ್ತೆ. ಅದೊಂದನ್ನೇ ಬಿಗಿಹಿಡಿದ್ರೆ ತಿರುಗೋದು ಬಿಟ್ಟು ಜಾರುತ್ತೆ. ಎರಡನ್ನೂ ಮೆಲ್ಲಗೆ ಹಿಡೀಬೇಕಂತೆ.

ಗಂಡ: ಪುಸ್ತಕ ಓದ್ಕೊಂಡು ಗಾಡಿ ಓಡಿಸ್ತಾಳಂತೆ! ಇಪ್ಪತ್ತು ವರ್ಷದಿಂದ ನಾನು ಮುಂದಿನ ಬ್ರೇಕ್ ಮುಟ್ಟಿಲ್ಲ ಕಣೇ. ನೋಡು, ಹೊಸದರ ಹಾಗಿದೆ.

ಹೆಂಡತಿ: ಬಳಸದೇ ಇದ್ದದ್ದು ಹೊಸದಾಗೇ ಇರುತ್ತೆ ರೀ. ನಿಮ್ಮ ಬುದ್ಧಿನೂ ಹಾಗೇ.

ಗಂಡನಿಗೆ ರೇಗಿತು. ಹೆಲ್ಮೆಟ್ ಏರಿಸಿದ. ಅವಳು ಗೇಟಿನ ಮುಂದೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಅವನು ರಸ್ತೆಯ ತುದಿಯಿಂದ ಭರ್ರನೆ ಬಂದು ಹಿಂದಿನ ಬ್ರೇಕನ್ನು ಗಟ್ಟಿಯಾಗಿ ಅಮುಕಿದ. ಸ್ಕೂಟರಿನ ಹಿಂಭಾಗ ಸುಯ್ಯನೆ ಪಕ್ಕಕ್ಕೆ ಹೊರಳಿತು. ಧಡ್!

ಗಂಡ: (ಕೂತಲ್ಲಿಂದಲೇ) ನಿಂತಿತಲ್ಲ?

ಹೆಂಡತಿ: ಗಾಡಿ ಗೆರೆಗಿಂತ ಹಿಂದೆ ಮಲಗಿದೆ. ನೀವು ಗೆರೆ ದಾಟಿ ಕೂತಿದ್ದೀರಿ. ಲೈಸೆನ್ಸ್ ಯಾರಿಗೆ ಕೊಡಬೇಕು?

ತರಚಿದ ಮೊಣಕೈಗೆ ಅವಳೇ ಔಷಧಿ ಹಚ್ಚಿ, ಕೈಗೆ ಸೋಪು ಬ್ರಷ್ಷು ಕೊಟ್ಟಳು. ಅವನು ಗೊಣಗುತ್ತಲೇ ಎರಡೂ ಟೈರು ಉಜ್ಜಿ ತೊಳೆದು ಒರೆಸಿದ.

ಪರೀಕ್ಷೆಯ ಮೈದಾನದಲ್ಲಿ ಅವಳು ಎರಡೂ ಬ್ರೇಕ್ ಹದವಾಗಿ ಹಿಡಿದಳು. ಮುಂದಿನ ಚಕ್ರ ಗೆರೆಗೆ ಮುತ್ತಿಕ್ಕಿ ನಿಂತಿತು. ಅಧಿಕಾರಿ ತಲೆಯೆತ್ತದೆ 'ಪಾಸ್' ಎಂದು ಬರೆದ.

ಗಂಡ: ನಾನು ಅಷ್ಟು ಚೆನ್ನಾಗಿ ಟೈರು ತೊಳೆದಿದ್ದಕ್ಕೇ ನೀನು ಪಾಸಾದೆ, ಗೊತ್ತಾ? ಕೊಡು ಕೀ, ಹೋಗೋಣ.

ಅವಳು ಕೀಲಿಯನ್ನು ತಾನೇ ತಿರುಗಿಸಿದಳು.

ಹೆಂಡತಿ: ಹತ್ತಿ, ಹಿಂದೆ ಕೂತ್ಕೊಳ್ಳಿ. ಹಿಂದಿನ ಚಕ್ರಕ್ಕೂ ಒಂದಿಷ್ಟು ಭಾರ ಬೇಕು. ಇಷ್ಟು ವರ್ಷಕ್ಕೆ ನಿಮ್ಮ ಹೊಟ್ಟೆ ಒಂದು ಉಪಯೋಗಕ್ಕೆ ಬಂತು!